ಕಸಿಯಾದ ಅಂಗಕ್ಕಾಗಿ ಚರ್ಮ ತೆರುವ ಕಪ್ಪ

ಕಾವೇರಿಯ ಎರಡು ಕವಲುಗಳ ನಡುವಣ ಶ್ರೀರಂಗಪಟ್ಟಣ, ನಾಲೆಯ ನೀರಿನಿಂದ ಹಸುರಾದ ಪಾಂಡವಪುರ, ಹೇಮಾವತಿ ಹರಿಯುವ ಕೃಷ್ಣರಾಜಪೇಟೆ, ಮುಗಿಲನ್ನು ನೋಡಿ ಆರು ಕಟ್ಟುವ ನಾಗಮಂಗಲ, ಮಂಡ್ಯ ಜಿಲ್ಲೆಯ ಈ ನಾಲ್ಕು ತಾಲ್ಲೂಕುಗಳಲ್ಲಿ ದುಡಿಮೆಯೆಂದರೆ ಬಿಸಿಲು. ಭತ್ತದ ನಾಟಿಯಾಗಲಿ, ಕಬ್ಬಿನ ಕಟಾವಾಗಲಿ, ರಾಗಿಯ ಕಳೆಯಾಗಲಿ, ನೆತ್ತಿಯ ಮೇಲೆ ಸೂರ್ಯನಿಲ್ಲದೆ ನಡೆಯುವುದಿಲ್ಲ. ಕಬ್ಬಿನ ಸೋಗೆ ಮೈಯನ್ನು ಗೀರುತ್ತದೆ. ಬೇಲಿಯ ಮುಳ್ಳು ಅಂಗಾಲಿಗೆ ಇಳಿಯುತ್ತದೆ. ಆದ ಗಾಯ ತಾನಾಗಿ ಮಾಯುತ್ತದೆ. ಬೆರಳಿನ ಮೇಲೆ ನರಹುಲಿಯೆದ್ದರೆ, ಕೆನ್ನೆಯ ಮೇಲೊಂದು ಬೊಕ್ಕೆ ಮೂಡಿದರೆ, ದುಡಿಯುವ ಮೈಗೆ ಇವೆಲ್ಲ ಇದ್ದದ್ದೇ ಎಂದು ಜನ ಅದನ್ನು ಮರೆತುಬಿಡುತ್ತಾರೆ. ನೂರಕ್ಕೆ ತೊಂಬತ್ತೊಂಬತ್ತು ಮಂದಿಯ ಪಾಲಿಗೆ ಆ ಮರೆವಿನಿಂದ ಕೇಡೇನೂ ಇಲ್ಲ.

ಆದರೆ ಅಂತಹ ಮರೆವು ಸಲ್ಲದ ಒಂದು ವರ್ಗದ ಜನ ಈಗ ನಮ್ಮ ಪಟ್ಟಣಗಳಲ್ಲಿಯೂ ಹಳ್ಳಿಗಳಲ್ಲಿಯೂ ಇದ್ದಾರೆ. ತಾಯಿಯದೋ, ಹೆಂಡತಿಯದೋ, ಒಡಹುಟ್ಟಿದವರದೋ, ಅಥವಾ ಅಪಘಾತದಲ್ಲಿ ಮಡಿದ ಅಪರಿಚಿತರೊಬ್ಬರದೋ ಮೂತ್ರಪಿಂಡವನ್ನು ತಮ್ಮ ಒಡಲಿನಲ್ಲಿ ಧರಿಸಿ ಬಾಳುತ್ತಿರುವವರು ಅವರು. ನೋಡಿದರೆ ಅವರಿಗೂ ಇತರರಿಗೂ ಭೇದವೇ ತೋರದು. ಕಚೇರಿಗೆ ಹೋಗುತ್ತಾರೆ, ಗದ್ದೆಯ ಬದುವಿನ ಮೇಲೆ ನಡೆಯುತ್ತಾರೆ, ಮದುವೆಯ ಮನೆಯಲ್ಲಿ ಪಂಕ್ತಿಗೆ ಕೂರುತ್ತಾರೆ. ಭೇದವಿರುವುದು ಅವರು ಹೊತ್ತುಹೊತ್ತಿಗೆ ನುಂಗುವ ಗುಳಿಗೆಗಳಲ್ಲಿ, ಮತ್ತು ಆ ಗುಳಿಗೆಗಳು ಅವರ ಚರ್ಮದಲ್ಲಿ ತರುವ ಮಾರ್ಪಾಟಿನಲ್ಲಿ.

ಗುಳಿಗೆಯ ಕೆಲಸ

ಭಾರತದಲ್ಲಿ ಮೂತ್ರಪಿಂಡದ ಕಸಿ ನೆಲೆಯೂರಿದ್ದು ೧೯೭೧ರಿಂದೀಚೆಗೆ. ಆ ವರ್ಷ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ಆಸ್ಪತ್ರೆಯಲ್ಲಿ ಈ ಶಸ್ತ್ರಕ್ರಿಯೆ ಯಶಸ್ವಿಯಾಗಿ ನಡೆಯಿತು. ಅಂಗಗಳ ಮಾರಾಟವನ್ನು ತಡೆಯುವ, ದಾನಕ್ಕೆ ಕ್ರಮ ವಿಧಿಸುವ ಕಾಯಿದೆ ೧೯೯೪ರಲ್ಲಿ ಬಂದಿತು. ಇಂದು ಬೆಂಗಳೂರು, ಮೈಸೂರುಗಳ ಆಸ್ಪತ್ರೆಗಳಲ್ಲಿ ಕಸಿ ನಡೆಯುತ್ತದೆ. ಮೃತರ ಅಂಗಗಳನ್ನು ಸರದಿಯ ಪ್ರಕಾರ ಹಂಚುವುದಕ್ಕೆ ರಾಜ್ಯದಲ್ಲಿ ‘ಜೀವಸಾರ್ಥಕತೆ’ ಎಂಬ ಸಂಸ್ಥೆಯಿದೆ. ವಾರಕ್ಕೆ ಎರಡು ಮೂರು ಸಲ ಯಂತ್ರದ ಪಕ್ಕದಲ್ಲಿ ಗಂಟೆಗಟ್ಟಲೆ ಮಲಗಿ ರಕ್ತ ಶುದ್ಧಿ ಮಾಡಿಸಿಕೊಳ್ಳುತ್ತಿದ್ದವನಿಗೆ ಕಸಿಯೆಂದರೆ ಮರುಹುಟ್ಟೇ ಸರಿ.

ಆದರೆ ಶರೀರವೆಂಬುದು ಕೃತಜ್ಞತೆಯನ್ನು ಅರಿಯದು. ಹೊರಗಿನಿಂದ ಬಂದುದು ರೋಗಾಣುವೋ, ತಾಯಿಯ ಮೂತ್ರಪಿಂಡವೋ, ಅದಕ್ಕೆ ಎರಡೂ ಪರಕೀಯವೇ. ರಕ್ತದಲ್ಲಿ ಸಂಚರಿಸುವ ಕಾವಲುಗಾರ ಕಣಗಳು ಪರಕೀಯ ಅಂಗವನ್ನು ಗುರುತಿಸಿ, ಮುತ್ತಿ, ನಾಶಮಾಡಲು ಹವಣಿಸುತ್ತವೆ. ಈ ಕಾವಲುಗಾರರನ್ನು ಮಂಪರಿನಲ್ಲಿ ಇರಿಸುವುದೇ ಗುಳಿಗೆಗಳ ಕೆಲಸ. ಹೆಚ್ಚಿನವರಿಗೆ ಟ್ಯಾಕ್ರೊಲಿಮಸ್, ಮೈಕೋಫಿನೋಲೇಟ್, ಪ್ರೆಡ್ನಿಸೊಲೋನ್ ಎಂಬ ಮೂರನ್ನು ಕೊಡುವುದುಂಟು. ಹಿಂದೆ ಕಸಿಯಾದವರಲ್ಲಿ ಅನೇಕರು ಅಜಾಥಯೋಪ್ರಿನ್, ಸೈಕ್ಲೊಸ್ಪೊರಿನ್ ಸೇವಿಸಿದವರು.

ಮಣ್ಣನ್ನು ನಂಬಿ ಬಾಳುವವರಿಗೆ ಸೋಜಿಗವೆನಿಸುವ ಒಂದು ಸಂಗತಿಯನ್ನು ಇಲ್ಲಿ ಹೇಳಬಹುದು. ಈ ಔಷಧಗಳಲ್ಲಿ ಮುಖ್ಯವಾದ ಕೆಲವು ಹುಟ್ಟಿದ್ದೇ ಮಣ್ಣಿನಲ್ಲಿ. ಸೈಕ್ಲೊಸ್ಪೊರಿನ್ ದೊರೆತದ್ದು ನಾರ್ವೆ ದೇಶದ ಒಂದು ಪ್ರಸ್ಥಭೂಮಿಯ ಹಿಡಿಮಣ್ಣಿನಲ್ಲಿದ್ದ ಬೂಷ್ಟಿನಿಂದ. ಟ್ಯಾಕ್ರೊಲಿಮಸ್ ದೊರೆತದ್ದು ಜಪಾನಿನ ತ್ಸುಕುಬಾ ಪ್ರದೇಶದ ಮಣ್ಣಿನ ಸೂಕ್ಷ್ಮಾಣುವಿನಿಂದ. ಸಿರೊಲಿಮಸ್ ದೊರೆತದ್ದು ಶಾಂತಸಾಗರದ ನಡುವಿನ ಈಸ್ಟರ್ ದ್ವೀಪದ ಮಣ್ಣಿನಿಂದ.

ಕಾವಲುಗಾರರಿಗೆ ಮಂಪರು ಹಿಡಿದರೆ ಅಂಗವೇನೋ ಉಳಿಯುತ್ತದೆ. ಆದರೆ ಅವರು ಕಾಯುತ್ತಿದ್ದುದು ಅದೊಂದು ಬಾಗಿಲನ್ನಲ್ಲ. ಚರ್ಮದಲ್ಲಿ ಹೊಂಚುಹಾಕುವ ನರಹುಲಿಯ ವೈರಸ್ಸನ್ನು ಅಡಗಿಸುವವರೂ ಅವರೇ. ಬಿಸಿಲಿನ ಅತಿನೇರಳೆ ಕಿರಣಗಳಿಂದ ಕೆಟ್ಟು ಅಡ್ಡದಾರಿ ಹಿಡಿದ ಜೀವಕೋಶಗಳನ್ನು ಮೊಳಕೆಯಲ್ಲೇ ಚಿವುಟುವವರೂ ಅವರೇ. ಅವರು ಸುಮ್ಮನಾದಾಗ ಈ ಎರಡಕ್ಕೂ ಹೆದ್ದಾರಿ ತೆರೆದಂತಾಗುತ್ತದೆ. ಅಜಾಥಯೋಪ್ರಿನ್ನಿನಂತಹ ಔಷಧ ಚರ್ಮವನ್ನು ಬಿಸಿಲಿಗೆ ಮತ್ತಷ್ಟು ಎಳಸಾಗಿಸುತ್ತದೆ. ಸೈಕ್ಲೊಸ್ಪೊರಿನ್ ಕೆಟ್ಟ ಕೋಶ ತನ್ನನ್ನು ತಾನು ಸರಿಪಡಿಸಿಕೊಳ್ಳುವ ಶಕ್ತಿಯನ್ನು ಕುಗ್ಗಿಸುತ್ತದೆ. ಉಳಿದ ಅಂಗಕ್ಕಾಗಿ ಚರ್ಮ ಹೀಗೆ ಕಪ್ಪ ತೆರಬೇಕಾಗುತ್ತದೆ.

ಶ್ರೀರಂಗಪಟ್ಟಣದಿಂದ ಹೊರಟ ಒಂದು ಕಥೆ

ಚರ್ಮಕ್ಕೂ ಕಸಿಗೂ ಇರುವ ನಂಟು ಇಂದಿನದಲ್ಲ. ಪರರ ಅಂಗವನ್ನು ಶರೀರ ಏಕೆ ಒಲ್ಲದು ಎಂಬುದನ್ನು ವಿಜ್ಞಾನಿಗಳಿಗೆ ಕಲಿಸಿದ್ದೇ ಚರ್ಮ. ಆ ದೀರ್ಘ ಕಥೆಯ ಒಂದು ಎಳೆ ಶ್ರೀರಂಗಪಟ್ಟಣದ ಪರಿಸರಕ್ಕೇ ಬಂದು ಸೇರುತ್ತದೆ.

೧೭೯೨ರಲ್ಲಿ ಟಿಪ್ಪು ಸುಲ್ತಾನನಿಗೂ ಇಂಗ್ಲಿಷರಿಗೂ ನಡೆದ ಯುದ್ಧದಲ್ಲಿ ಇಂಗ್ಲಿಷ್ ದಂಡಿನ ಎತ್ತಿನ ಗಾಡಿ ಹೊಡೆಯುತ್ತಿದ್ದ ಕೋವಾಸ್‌ಜಿ ಎಂಬ ಮರಾಠನೊಬ್ಬ ಸೆರೆಸಿಕ್ಕಿದನು. ಸೆರೆಯಲ್ಲಿ ಅವನ ಮೂಗನ್ನೂ ಒಂದು ಕೈಯನ್ನೂ ಕೊಯ್ದರೆಂದು ಆ ಕಾಲದ ವರದಿ ಹೇಳುತ್ತದೆ. ಆ ಸ್ಥಿತಿಯಲ್ಲಿಯೇ ಅವನು ಶ್ರೀರಂಗಪಟ್ಟಣದ ಸಮೀಪದಲ್ಲಿದ್ದ ಮುಂಬಯಿಯ ಸೇನೆಯನ್ನು ಬಂದು ಸೇರಿದನು. ಒಂದು ವರ್ಷಕ್ಕೂ ಹೆಚ್ಚು ಕಾಲ ಮೂಗಿಲ್ಲದೆಯೇ ಇದ್ದನು. ಬಳಿಕ ಪುಣೆಯ ಬಳಿ ಇಟ್ಟಿಗೆ ಮಾಡುವವರ ಕುಲಕ್ಕೆ ಸೇರಿದ ಕುಶಲಿಯೊಬ್ಬ ಅವನಿಗೆ ಹೊಸ ಮೂಗನ್ನು ಕಟ್ಟಿಕೊಟ್ಟನು.

ಕಟ್ಟಿದ ರೀತಿ ಹೀಗಿತ್ತು. ಮೊದಲು ಮೇಣದ ತೆಳುವಾದ ಹಾಳೆಯಿಂದ ಮೂಗಿನ ಅಚ್ಚು ತೆಗೆದು, ಅದನ್ನು ಚಪ್ಪಟೆ ಮಾಡಿ ಹಣೆಯ ಮೇಲಿಟ್ಟು, ಸುತ್ತ ಗೆರೆಯೆಳೆದರು. ಗೆರೆಯ ಒಳಗಿನ ಚರ್ಮವನ್ನು ಬಿಡಿಸಿದರು. ಹುಬ್ಬುಗಳ ನಡುವೆ ಮಾತ್ರ ಒಂದು ಸಣ್ಣ ಪಟ್ಟಿ ಕತ್ತರಿಸದೆ ಉಳಿಯಿತು. ಆ ಪಟ್ಟಿಯ ಮೂಲಕ ರಕ್ತ ಹರಿಯುತ್ತಿರುವಂತೆಯೇ ಚರ್ಮವನ್ನು ಕೆಳಕ್ಕೆ ತಿರುಗಿಸಿ ಮೂಗಿನ ಜಾಗದಲ್ಲಿ ಕೂರಿಸಿ, ಕಾಚನ್ನು ನೀರಿನಲ್ಲಿ ಕಲಸಿ ಬಟ್ಟೆಗೆ ಸವರಿ ಕಟ್ಟಿದರು. ನಾಲ್ಕು ದಿನದ ಮೇಲೆ ತುಪ್ಪದ ಬಟ್ಟೆ. ಸುಮಾರು ಇಪ್ಪತ್ತೈದನೆಯ ದಿನ, ಚರ್ಮ ಹೊಸ ಜಾಗದಲ್ಲಿ ಬೇರೂರಿದ ಮೇಲೆ, ಪಟ್ಟಿಯನ್ನು ಕತ್ತರಿಸಿದರು. ಈ ವೃತ್ತಾಂತ ಚಿತ್ರಸಮೇತವಾಗಿ ೧೭೯೪ರ ಅಕ್ಟೋಬರಿನಲ್ಲಿ ಲಂಡನ್ನಿನ ‘ಜಂಟಲ್‌ಮನ್ಸ್ ಮ್ಯಾಗಜೀನ್’ ಪತ್ರಿಕೆಯಲ್ಲಿ ಅಚ್ಚಾಯಿತು. ೧೮೧೪ರಲ್ಲಿ ಜೋಸೆಫ್ ಕಾರ್ಪ್ಯೂ ಎಂಬ ಶಸ್ತ್ರವೈದ್ಯ ಲಂಡನ್ನಿನಲ್ಲಿ ಈ ಭಾರತೀಯ ಕ್ರಮವನ್ನೇ ಅನುಸರಿಸಿ ಗೆದ್ದನು. ಸುಶ್ರುತಸಂಹಿತೆಯಲ್ಲಿ ಕೆನ್ನೆಯ ಚರ್ಮದಿಂದ ಮೂಗು ಕಟ್ಟುವ ವಿಧಿಯಿರುವುದನ್ನು ಬಲ್ಲವರಿಗೆ ಇದರಲ್ಲಿ ಆಶ್ಚರ್ಯವೇನೂ ತೋರದು.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಕೋವಾಸ್‌ಜಿಯ ಮೂಗಿಗೆ ಹಾಕಿದ ಚರ್ಮ ಅವನದೇ. ಆದ್ದರಿಂದಲೇ ಅದು ಉಳಿಯಿತು. ಪರರ ಚರ್ಮ ಏಕೆ ಉಳಿಯದೆಂಬುದು ಮಾತ್ರ ಬಹುಕಾಲ ಒಗಟಾಗಿಯೇ ಇದ್ದಿತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಸುಟ್ಟಗಾಯದ ರೋಗಿಗಳ ಸಂಖ್ಯೆ ಹೆಚ್ಚಿದಾಗ ಪೀಟರ್ ಮೆಡಾವರ್ ಎಂಬ ವಿಜ್ಞಾನಿ ಗ್ಲಾಸ್ಗೋ ನಗರದಲ್ಲಿ ಶಸ್ತ್ರವೈದ್ಯ ಥಾಮಸ್ ಗಿಬ್ಸನ್‌ರೊಡನೆ ಇದನ್ನು ಪರೀಕ್ಷಿಸಿದರು. ಸುಟ್ಟಗಾಯದ ಮಹಿಳೆಯೊಬ್ಬಳಿಗೆ ಆಕೆಯ ಸಹೋದರನ ಚರ್ಮದ ತುಣುಕುಗಳನ್ನು ನೆಟ್ಟರು. ಕೆಲವು ದಿನಗಳಲ್ಲಿ ಅವು ನಾಶವಾದುವು. ಅದೇ ಸಹೋದರನ ಚರ್ಮವನ್ನು ಎರಡನೆಯ ಸಲ ನೆಟ್ಟಾಗ ಅವು ಇನ್ನೂ ಬೇಗ ನಾಶವಾದುವು. ಎಂದರೆ, ಶರೀರ ಪರಕೀಯವನ್ನು ಗುರುತಿಸುತ್ತದೆ. ಗುರುತಿಟ್ಟುಕೊಂಡು ನೆನಪಿನಲ್ಲಿಯೂ ಇರಿಸಿಕೊಳ್ಳುತ್ತದೆ. ೧೯೪೩ರಲ್ಲಿ ಪ್ರಕಟವಾದ ಈ ಶೋಧನೆಯಿಂದಲೇ ಆಧುನಿಕ ಕಸಿಶಾಸ್ತ್ರಕ್ಕೆ ಬುನಾದಿ ಬಿದ್ದಿತು. ಮೆಡಾವರ್‌ರಿಗೆ ೧೯೬೦ರಲ್ಲಿ ನೊಬೆಲ್ ಪಾರಿತೋಷಕ ಸಂದಿತು.

ಮುಂದೆ ೧೯೫೪ರ ಡಿಸೆಂಬರ್ ೨೩ರಂದು ಬೋಸ್ಟನ್ ನಗರದಲ್ಲಿ ಮೊದಲನೆಯ ಯಶಸ್ವೀ ಮೂತ್ರಪಿಂಡದ ಕಸಿಯನ್ನು ಮಾಡಿದ ಜೋಸೆಫ್ ಮರೆ ಅವರೂ ಮೂಲತಃ ಚರ್ಮದ ಕಸಿಯಲ್ಲಿ ನುರಿತ ಶಸ್ತ್ರವೈದ್ಯರೇ. ಕೊಟ್ಟವರೂ ಕೊಂಡವರೂ ತದ್ರೂಪಿ ಅವಳಿ ಸಹೋದರರು. ಅವರ ಶರೀರಗಳು ಒಂದನ್ನೊಂದು ಒಪ್ಪುತ್ತವೆಯೆ ಎಂಬುದನ್ನು ಮೊದಲು ಚರ್ಮದ ತುಂಡುಗಳನ್ನು ಅದಲುಬದಲು ನೆಟ್ಟು ತಿಳಿದರು. ಅವಳಿಗಳಲ್ಲದವರಿಗೆ ಕಸಿ ಸಾಧ್ಯವಾದುದು ೧೯೬೦ರ ದಶಕದಲ್ಲಿ, ಅಜಾಥಯೋಪ್ರಿನ್ ಬಂದ ಮೇಲೆ. ಆ ದಶಕ ಮುಗಿಯುವ ಮೊದಲೇ ಕಸಿಯಾದವರಲ್ಲಿ ಅರ್ಬುದರೋಗ ಹೆಚ್ಚಾಗುತ್ತಿದೆಯೆಂಬ ಕಹಿಸುದ್ದಿಯೂ ಬಂದಿತು. ಅಮೆರಿಕದ ವೈದ್ಯ ಇಸ್ರೇಲ್ ಪೆನ್ ಅಂತಹ ರೋಗಿಗಳ ವಿವರಗಳನ್ನು ಒಂದೊಂದಾಗಿ ಕೂಡಿಸತೊಡಗಿದರು. ಆ ದಾಖಲೆಗಳಲ್ಲಿ ಎದ್ದು ಕಂಡದ್ದು ಮತ್ತೆ ಚರ್ಮವೇ.

ಎಲ್ಲ ಗಂಟೂ ಒಂದೇ ಅಲ್ಲ

ಕಸಿಯಾದವರ ಮೈಮೇಲೆ ಏಳುವ ಬೆಳವಣಿಗೆಗಳಲ್ಲಿ ಹಲವು ಬಗೆಗಳುಂಟು. ಅವುಗಳಲ್ಲಿ ಬಹುಪಾಲು ಪ್ರಾಣಕ್ಕೆ ಎರವಾಗುವಂತಹವಲ್ಲ.

ಮೊದಲನೆಯದು ನರಹುಲಿ. ಇತರರಲ್ಲಿ ಒಂದೆರಡು ಎದ್ದು ತಾನಾಗಿ ಉದುರುವ ಇದು ಕಸಿಯಾದವರಲ್ಲಿ ಗುಂಪುಗುಂಪಾಗಿ ಹಬ್ಬುತ್ತದೆ, ಹಟ ಹಿಡಿದು ನಿಲ್ಲುತ್ತದೆ. ಎರಡನೆಯದು, ಹೊಲದಲ್ಲಿ ಓಡಾಡುವವರು ವಿಶೇಷವಾಗಿ ಅರಿಯಬೇಕಾದದ್ದು. ಮುಳ್ಳೋ ಕಡ್ಡಿಯ ಸಿಬಿರೋ ಚುಚ್ಚಿದ ಜಾಗದಲ್ಲಿ ಮಣ್ಣಿನ ಕಪ್ಪು ಬೂಷ್ಟು ಒಳಹೊಕ್ಕು, ತಿಂಗಳುಗಳ ಮೇಲೆ ನೋವಿಲ್ಲದ ಗಂಟಾಗಿ ಬೆಳೆಯುತ್ತದೆ. ಕಾಲು, ಪಾದ, ಮುಂಗೈಗಳಲ್ಲಿ ಇದು ಹೆಚ್ಚು. ಮುಳ್ಳು ಚುಚ್ಚಿದ್ದು ರೋಗಿಗೆ ಮರೆತೇ ಹೋಗಿರುತ್ತದೆ. ಭಾರತದ ಕಸಿ ರೋಗಿಗಳಲ್ಲಿ ಇದನ್ನು ವೈದ್ಯರು ಕಂಡಿದ್ದಾರೆ. ಇದು ಕ್ಯಾನ್ಸರ್ ಅಲ್ಲ. ಗಂಟನ್ನು ತೆಗೆದು ಬೂಷ್ಟುನಾಶಕ ಔಷಧ ಕೊಟ್ಟರೆ ಗುಣವಾಗುತ್ತದೆ. ಆದರೆ ನೋಡುವುದಕ್ಕೆ ಬೇರೆ ಗಂಟಿನಂತೆಯೇ ಇರುತ್ತದೆ.

ಮೂರನೆಯದು ಬಿಸಿಲು ಬೀಳುವ ಜಾಗದಲ್ಲಿ, ಹಣೆ, ಕಿವಿಯ ಅಂಚು, ಬೋಳಾದ ನೆತ್ತಿ, ಕೆಳದುಟಿ, ಅಂಗೈಯ ಹಿಂಬದಿಗಳಲ್ಲಿ, ಮರಳುಕಾಗದದಂತೆ ಒರಟಾಗುವ ಚಿಪ್ಪು. ಇದು ಎಚ್ಚರಿಕೆಯ ಗಂಟೆ. ನಾಲ್ಕನೆಯದೇ ಕ್ಯಾನ್ಸರ್. ಇದರಲ್ಲಿ ಸ್ಕ್ವೇಮಸ್ ಕೋಶದ ಕ್ಯಾನ್ಸರ್ ಎಂಬುದು ಮುಖ್ಯ. ಬಿಳಿಯ ಮೈಬಣ್ಣದ ದೇಶಗಳಲ್ಲಿ ಇದು ಇತರರಿಗಿಂತ ಕಸಿಯಾದವರಲ್ಲಿ ೬೫ ಪಟ್ಟಿಗೂ ಹೆಚ್ಚೆಂದು ಲೆಕ್ಕಹಾಕಿದ್ದಾರೆ. ಇದು ಅವರಲ್ಲಿ ಬೇಗ ಬೆಳೆಯುತ್ತದೆ, ಬೇಗ ಹರಡುತ್ತದೆ ಎಂಬುದೂ ಅನುಭವದ ಮಾತು.

ನಮ್ಮ ಜನರ ಮೈಬಣ್ಣ ಕಪ್ಪು, ನಮಗೇಕೆ ಈ ಭಯ ಎಂದು ಕೇಳುವವರುಂಟು. ಪ್ರಶ್ನೆಯಲ್ಲಿ ಅರ್ಧ ನಿಜವಿದೆ. ಚರ್ಮದ ಬಣ್ಣದ ದ್ರವ್ಯ ಬಿಸಿಲಿಗೆ ಹಿಡಿದ ಕೊಡೆಯಿದ್ದಂತೆ. ಭಾರತೀಯರಲ್ಲಿ ಚರ್ಮದ ಕ್ಯಾನ್ಸರ್ ಬಿಳಿಯರಿಗಿಂತ ಬಹಳ ಕಡಿಮೆ. ಆದರೆ ಕೊಡೆಯ ಅಡಿಯಲ್ಲಿಯೂ ಮಳೆಯ ಇರಚಲು ಬಡಿಯುವಂತೆ ಅಪಾಯ ಪೂರ್ತಿ ನೀಗುವುದಿಲ್ಲ. ಅದೂ ಅಲ್ಲದೆ ಕಪ್ಪು ಮೈಬಣ್ಣದ ಕಸಿ ರೋಗಿಗಳಲ್ಲಿ ಕ್ಯಾನ್ಸರ್ ಬಿಸಿಲೇ ಕಾಣದ ಜಾಗಗಳಲ್ಲಿ, ಮುಖ್ಯವಾಗಿ ಗುಹ್ಯಭಾಗಗಳಲ್ಲಿ, ನರಹುಲಿಯ ವೈರಸ್ಸಿನ ಕಾರಣದಿಂದ ಮೂಡುವುದು ಕಂಡುಬಂದಿದೆ. ಇಲ್ಲಿ ನಾಚಿಕೆಯೇ ರೋಗದ ಬಂಟನಾಗುತ್ತದೆ. ಹೆಣ್ಣುಮಕ್ಕಳು ಗಂಡನಿಗೂ ಹೇಳದೆ, ತಾಯಿಗೂ ಹೇಳದೆ ವರ್ಷ ಕಳೆಯುತ್ತಾರೆ. ಮಹಿಳಾ ವೈದ್ಯರ ಬಳಿ ಹೋದರೆ ಹತ್ತು ನಿಮಿಷದಲ್ಲಿ ಮುಗಿಯುವ ಪರೀಕ್ಷೆ, ಮುಚ್ಚಿಟ್ಟುದರಿಂದ ದೊಡ್ಡ ಶಸ್ತ್ರಕ್ರಿಯೆಗೆ ದಾರಿಯಾಗುತ್ತದೆ.

ಮನೆಯ ಮದ್ದಿನ ಕೇಡು

ಗಂಟು ಕಂಡೊಡನೆ ಮನೆಯಲ್ಲಿ ಸಲಹೆಗಳಿಗೆ ಬರವಿಲ್ಲ. ಕುದುರೆಯ ಕೂದಲಿನಿಂದ ಬಿಗಿದು ಕಟ್ಟಿದರೆ ಉದುರೀತೆಂದು ಅಜ್ಜಿ, ಸುಣ್ಣಕ್ಕೆ ಸೋಡ ಕಲಸಿ ಹಚ್ಚಿದರೆ ಸುಟ್ಟುಹೋದೀತೆಂದು ಚಿಕ್ಕಪ್ಪ, ಬ್ಲೇಡಿನಿಂದ ತಾನೇ ಕೆತ್ತಿಕೊಳ್ಳುವ ಧೈರ್ಯಶಾಲಿ ರೋಗಿ! ಆರೋಗ್ಯವಂತನಲ್ಲಿ ಇವು ಒಂದು ಕಲೆಯನ್ನು ಉಳಿಸಿ ಮುಗಿದಾವು. ಕಾವಲು ಕುಗ್ಗಿದ ಶರೀರದಲ್ಲಿ ಅದೇ ಗಾಯ ಕೀವುಗೂಡಿ, ಜ್ವರವೇರಿ, ರಕ್ತಕ್ಕೆ ನಂಜು ಇಳಿಯಬಹುದು. ಅದಕ್ಕಿಂತ ದೊಡ್ಡ ಕೇಡು ಇನ್ನೊಂದಿದೆ. ಕಿತ್ತೆಸೆದ ಗಂಟು ಏನಾಗಿತ್ತೆಂಬುದು ಯಾರಿಗೂ ತಿಳಿಯದು. ಮೇಲಿನ ತಲೆ ಹೋದರೂ ಬುಡ ಒಳಗೇ ಉಳಿದು, ಮೇಲೆ ಚರ್ಮ ಮುಚ್ಚಿಕೊಂಡು, ಆರು ತಿಂಗಳ ಮೇಲೆ ಕುತ್ತಿಗೆಯ ಗ್ರಂಥಿಯಲ್ಲಿ ಮತ್ತೆ ತಲೆಯೆತ್ತಬಹುದು.

ನಾಲ್ಕು ವಾರಗಳಲ್ಲಿ ಮಾಯದ ಹುಣ್ಣು, ದಿನದಿಂದ ದಿನಕ್ಕೆ ಬೆಳೆಯುವ ಗಂಟು, ತಗುಲಿದರೆ ರಕ್ತ ಬರುವ ಚಿಪ್ಪು, ಮುಟ್ಟಿದರೆ ನೋಯುವ ನರಹುಲಿ, ಬಣ್ಣವೋ ಅಂಚೋ ಬದಲಾದ ಮಚ್ಚೆ, ಇವುಗಳಲ್ಲಿ ಯಾವುದು ಕಂಡರೂ ಚರ್ಮವೈದ್ಯರನ್ನು ಕಾಣಬೇಕು. ಅದಕ್ಕಾಗಿ ಬಹುದೂರ ಹೋಗಬೇಕಾಗಿಲ್ಲ. ನಾಗಮಂಗಲ ತಾಲ್ಲೂಕಿನ ಬೆಳ್ಳೂರಿನ ಬಳಿ ೧೯೮೬ರಲ್ಲಿ ಸ್ಥಾಪಿತವಾದ ಆದಿಚುಂಚನಗಿರಿ ವೈದ್ಯಕೀಯ ವಿದ್ಯಾಲಯದ ಆಸ್ಪತ್ರೆಯಿದೆ. ಮಂಡ್ಯದಲ್ಲಿ ಸರ್ಕಾರಿ ವೈದ್ಯಕೀಯ ವಿದ್ಯಾಲಯ ೨೦೦೬ರಿಂದ ನಡೆಯುತ್ತಿದೆ. ಶ್ರೀರಂಗಪಟ್ಟಣ, ಪಾಂಡವಪುರಗಳವರಿಗೆ ಮೈಸೂರಿನ ಕೆ. ಆರ್. ಆಸ್ಪತ್ರೆ ಸಮೀಪ. ಕ್ಯಾನ್ಸರ್ ಎಂದು ನಿಶ್ಚಯವಾದರೆ ಬೆಂಗಳೂರಿನ ಕಿದ್ವಾಯಿ ಸಂಸ್ಥೆಯೂ ಉಂಟು.

ತೆಗೆಯುವ ಕ್ರಮ

ಶಸ್ತ್ರಕ್ರಿಯೆಯೆಂದರೆ ಕಸಿಯಾದವನಿಗೆ ಹಳೆಯ ನೆನಪೆಲ್ಲ ಮರುಕಳಿಸಿ ಎದೆ ನಡುಗುವುದು ಸಹಜ. ಆದರೆ ಗಂಟನ್ನು ತೆಗೆಯುವುದು ಸಾಮಾನ್ಯವಾಗಿ ಬಹು ಚಿಕ್ಕ ಕೆಲಸ. ಮೊದಲು ಸಣ್ಣ ತುಣುಕನ್ನು ತೆಗೆದು ಪರೀಕ್ಷೆಗೆ ಕಳುಹಿಸುತ್ತಾರೆ. ಗಂಟಿನ ಸುತ್ತ ಮರಗಟ್ಟಿಸುವ ಔಷಧವನ್ನು ಚುಚ್ಚುವಾಗ ಒಂದು ಕ್ಷಣ ಉರಿ; ಮತ್ತೆ ನೋವಿಲ್ಲ. ಪ್ರಜ್ಞೆ ತಪ್ಪಿಸುವ ಅಗತ್ಯವಿಲ್ಲ. ತುಣುಕು ಫಾರ್ಮಲಿನ್ ಸೀಸೆಯಲ್ಲಿ ರೋಗನಿದಾನಶಾಲೆಗೆ ಹೋಗಿ, ತೆಳುವಾದ ಪದರಗಳಾಗಿ ಕತ್ತರಿಸಲ್ಪಟ್ಟು, ಸೂಕ್ಷ್ಮದರ್ಶಕದ ಕೆಳಗೆ ತನ್ನ ಗುಟ್ಟನ್ನು ಬಿಟ್ಟುಕೊಡುತ್ತದೆ. ಬೂಷ್ಟೋ, ವೈರಸ್ಸೋ, ಕ್ಯಾನ್ಸರೋ ಎಂಬುದು ಇಲ್ಲಿ ತೀರ್ಮಾನವಾಗಬೇಕೇ ಹೊರತು ಕಣ್ಣಂದಾಜಿನಿಂದಲ್ಲ.

ನರಹುಲಿಯಾದರೆ ಶೂನ್ಯಕ್ಕಿಂತ ೧೯೬ ಡಿಗ್ರಿ ಕೆಳಗೆ ತಣ್ಣಗಿರುವ ದ್ರವ ಸಾರಜನಕದಿಂದ ಹೆಪ್ಪುಗಟ್ಟಿಸುತ್ತಾರೆ, ಇಲ್ಲವೆ ವಿದ್ಯುತ್ತಿನ ಮೊನೆಯಿಂದ ಸುಡುತ್ತಾರೆ. ಕಸಿಯಾದವರಲ್ಲಿ ಇದು ಮರಳಿ ಮರಳಿ ಬರುವುದುಂಟು. ಹಲವು ಸಲ ಹೋಗಬೇಕಾದೀತೆಂದು ಮೊದಲೇ ತಿಳಿದಿದ್ದರೆ ನಿರಾಶೆಯಿಲ್ಲ. ಕ್ಯಾನ್ಸರಾದರೆ ಗಂಟನ್ನು ಮಾತ್ರವಲ್ಲದೆ ಸುತ್ತಲಿನ ಒಳ್ಳೆಯ ಚರ್ಮವನ್ನೂ ಕೆಲವು ಮಿಲಿಮೀಟರಿನಷ್ಟು ಸೇರಿಸಿ ತೆಗೆಯಬೇಕು. ತೆಗೆದುದರ ಅಂಚಿನಲ್ಲಿ ರೋಗವಿಲ್ಲವೆಂದು ಪರೀಕ್ಷೆ ಹೇಳಿದರೆ ಮಾತ್ರ ಕೆಲಸ ಮುಗಿದಂತೆ. ಮೂಗು, ಕಿವಿ, ಕಣ್ಣಿನ ರೆಪ್ಪೆಗಳಂತಹ ಜಾಗಗಳಲ್ಲಿ ಪದರಪದರವಾಗಿ ತೆಗೆದು ಅಲ್ಲಿಯೇ ಪರೀಕ್ಷಿಸುತ್ತ ಹೋಗುವ ಕ್ರಮವೊಂದಿದೆ. ಅದನ್ನು ರೂಪಿಸಿದ ಅಮೆರಿಕದ ವೈದ್ಯ ಫ್ರೆಡರಿಕ್ ಮೋಸ್ ಅವರ ಹೆಸರಿನಿಂದಲೇ ಅದನ್ನು ಕರೆಯುತ್ತಾರೆ. ದೊಡ್ಡ ಆಸ್ಪತ್ರೆಗಳಲ್ಲಿ ಮಾತ್ರ ಅದು ಸಾಧ್ಯ.

ಗಾಯ ದೊಡ್ಡದಾದರೆ ತೊಡೆಯ ಚರ್ಮವನ್ನು ತೆಳುವಾಗಿ ತೆಗೆದು ಮುಚ್ಚುತ್ತಾರೆ. ಮೂಗಿನ ತುದಿಯೇ ಹೋಗುವಂತಾದರೆ ಹಣೆಯ ಚರ್ಮವನ್ನು ಹುಬ್ಬಿನ ಬಳಿ ಅಂಟಿಕೊಂಡಿರುವಂತೆಯೇ ತಿರುಗಿಸಿ ತಂದು ಕೂರಿಸಿ, ಕೆಲವು ವಾರಗಳ ಮೇಲೆ ಬುಡವನ್ನು ಕತ್ತರಿಸುತ್ತಾರೆ. ಪುಣೆಯ ಇಟ್ಟಿಗೆಗಾರನ ಕೈ ಕಂಡಿದ್ದ ದಾರಿ ಇಂದಿಗೂ ಶಸ್ತ್ರವೈದ್ಯರ ರಾಜಮಾರ್ಗ.

ಹೊಲಿಗೆಯನ್ನು ಮುಖದಲ್ಲಾದರೆ ಐದರಿಂದ ಏಳು ದಿನಕ್ಕೆ, ಕೈಕಾಲುಗಳಲ್ಲಾದರೆ ಹತ್ತರಿಂದ ಹದಿನಾಲ್ಕು ದಿನಕ್ಕೆ ಬಿಚ್ಚುವುದು ವಾಡಿಕೆ. ಪ್ರೆಡ್ನಿಸೊಲೋನ್ ಸೇವಿಸುವವರಲ್ಲಿ ಗಾಯ ನಿಧಾನವಾಗಿ ಕೂಡುವುದರಿಂದ ಇನ್ನೂ ಕೆಲವು ದಿನ ಬಿಡಬೇಕಾಗಬಹುದು. ನೋವಿಗೆಂದು ಅಂಗಡಿಯಲ್ಲಿ ಕೇಳಿ ತಂದ ಮಾತ್ರೆಗಳನ್ನು ನುಂಗಬಾರದು. ಡೈಕ್ಲೊಫಿನಾಕ್, ಐಬುಪ್ರೊಫೆನ್ ಮೊದಲಾದವು ಮೂತ್ರಪಿಂಡಕ್ಕೆ ವಿಷಪ್ರಾಯ. ಎರಿತ್ರೊಮೈಸಿನ್ನಿನಂತಹ ಕೆಲವು ಪ್ರತಿಜೀವಕಗಳೂ ಬೂಷ್ಟಿಗೆ ಕೊಡುವ ಇಟ್ರಕೊನಜೋಲ್ ಕೂಡ ರಕ್ತದಲ್ಲಿ ಟ್ಯಾಕ್ರೊಲಿಮಸ್ಸಿನ ಪ್ರಮಾಣವನ್ನು ಏರಿಸಿಬಿಡುತ್ತವೆ. ಆದ್ದರಿಂದ ಯಾವ ವೈದ್ಯರ ಬಳಿಗೆ ಹೋದರೂ ತಾನು ಕಸಿಯಾದವನೆಂಬುದನ್ನು ಮೊದಲು ಹೇಳಿ, ಗುಳಿಗೆಗಳ ಚೀಟಿಯನ್ನು ಮುಂದಿಡುವುದು ರೋಗಿಯ ಕರ್ತವ್ಯ.

ಎರಡು ದಡಗಳ ನಡುವೆ

ಇಷ್ಟಾದರೂ ಅನೇಕರು ಗಂಟನ್ನು ಏಕೆ ಬಚ್ಚಿಡುತ್ತಾರೆ? ಭಯ ಗಂಟಿನದಲ್ಲ. ಮಗನಿಗೆ ತಾಯಿ ಮೂತ್ರಪಿಂಡ ಕೊಟ್ಟ ಒಂದು ಸಂಸಾರವನ್ನು ಭಾವಿಸಿಕೊಳ್ಳಬಹುದು. ಆ ತಾಯಿಯ ಪಕ್ಕೆಯಲ್ಲಿ ಶಸ್ತ್ರದ ಗೆರೆಯಿದೆ. ಹೊಲವನ್ನು ಭೋಗ್ಯಕ್ಕೆ ಇಟ್ಟು ತಂದ ಹಣ ಔಷಧಕ್ಕೆ ಹೋಗಿದೆ. ಹತ್ತು ವರ್ಷದ ಮೇಲೆ ಮಗನ ಕಿವಿಯ ಅಂಚಿನಲ್ಲಿ ಒಂದು ಹುಣ್ಣು ಮೂಡುತ್ತದೆ. ವೈದ್ಯರು ಕ್ಯಾನ್ಸರೆಂದರೆ ಗುಳಿಗೆ ನಿಲ್ಲಿಸುತ್ತಾರೆ. ಗುಳಿಗೆ ನಿಂತರೆ ಅಮ್ಮ ಕೊಟ್ಟ ಅಂಗ ಹೋಗುತ್ತದೆ. ಹೋದರೆ ಅಮ್ಮನ ಮುಖ ನೋಡುವುದು ಹೇಗೆ? ಈ ಲೆಕ್ಕಾಚಾರದಲ್ಲಿಯೇ ಅವನು ವಲ್ಲಿಯನ್ನು ಕಿವಿಯ ಮೇಲೆ ಎಳೆದುಕೊಂಡು ತಿರುಗುತ್ತಾನೆ. ಇತ್ತ ಮತ್ತೊಬ್ಬ ಗಂಟಿಗೆ ಹೆದರಿ, ಯಾರನ್ನೂ ಕೇಳದೆ, ಗುಳಿಗೆಯನ್ನು ತಾನೇ ಅರ್ಧಕ್ಕೆ ಇಳಿಸುತ್ತಾನೆ. ಕಾವಲುಗಾರ ಕಣಗಳು ಎಚ್ಚೆತ್ತು ಮೂತ್ರಪಿಂಡದ ಮೇಲೆ ಬೀಳುತ್ತವೆ; ಅವನು ತಿರುಗಿ ಯಂತ್ರದ ಪಕ್ಕಕ್ಕೇ ಬರುತ್ತಾನೆ. ಇಬ್ಬರ ಎಣಿಕೆಯೂ ತಪ್ಪು.

ಮೊದಲ ಹಂತದಲ್ಲಿಯೇ ಸಿಕ್ಕಿದ ಚರ್ಮದ ಕ್ಯಾನ್ಸರನ್ನು ಹೆಚ್ಚಿನ ಸಂದರ್ಭಗಳಲ್ಲಿ ಪೂರ್ತಿಯಾಗಿ ತೆಗೆದುಹಾಕಬಹುದು, ಅಂಗಕ್ಕೆ ಕೇಡಿಲ್ಲದೆಯೇ. ಮೇಲಿಂದ ಮೇಲೆ ಹೊಸ ಗಂಟುಗಳು ಏಳುತ್ತಿದ್ದರೆ ಮೂತ್ರಪಿಂಡದ ವೈದ್ಯರೂ ಚರ್ಮವೈದ್ಯರೂ ಒಟ್ಟಿಗೆ ಕೂತು ಗುಳಿಗೆಗಳನ್ನು ರಕ್ತಪರೀಕ್ಷೆಯ ಕಾವಲಿನಲ್ಲಿ ಮೆಲ್ಲಮೆಲ್ಲನೆ ತಗ್ಗಿಸುತ್ತಾರೆ, ಇಲ್ಲವೆ ಬದಲಾಯಿಸುತ್ತಾರೆ. ಈಸ್ಟರ್ ದ್ವೀಪದ ಮಣ್ಣಿನಿಂದ ಬಂದ ಸಿರೊಲಿಮಸ್ ಇಲ್ಲಿ ನೆರವಿಗೆ ಬರುತ್ತದೆ. ಹಿಂದೆ ಚರ್ಮದ ಕ್ಯಾನ್ಸರ್ ಆಗಿದ್ದ ಕಸಿ ರೋಗಿಗಳನ್ನು ಇದಕ್ಕೆ ಬದಲಾಯಿಸಿದಾಗ ಹೊಸ ಗಂಟುಗಳು ಕಡಿಮೆಯಾದುವೆಂದು ೨೦೧೨ರಲ್ಲಿ ಪ್ರಕಟವಾದ ಯುರೋಪಿನ ಪರೀಕ್ಷೆಯೊಂದು ತೋರಿಸಿತು. ಅದಕ್ಕೂ ತನ್ನದೇ ಅಡ್ಡಪರಿಣಾಮಗಳುಂಟು, ಎಲ್ಲರಿಗೂ ಒಗ್ಗದು. ಗುಳಿಗೆಯ ತಕ್ಕಡಿಯನ್ನು ಹಿಡಿಯಬೇಕಾದವರು ವೈದ್ಯರೇ ಹೊರತು ರೋಗಿಯಲ್ಲ, ನೆರೆಹೊರೆಯವರಲ್ಲ.

ಮನೆಯವರು ಮಾಡಬಹುದಾದದ್ದು

ಮದ್ದಿಗಿಂತ ಮುಂಜಾಗ್ರತೆ ಅಗ್ಗ. ಹನ್ನೊಂದು ಗಂಟೆಯಿಂದ ಮೂರರವರೆಗಿನ ಬಿಸಿಲನ್ನು ಆದಷ್ಟು ತಪ್ಪಿಸಿ, ಹೊಲದ ಕೆಲಸವನ್ನು ಬೆಳಗಿನ, ಸಂಜೆಯ ಹೊತ್ತಿಗೆ ಹೊಂದಿಸಿಕೊಳ್ಳಬೇಕು. ತಲೆಗೆ ಸುತ್ತಿದ ವಲ್ಲಿ ನೆತ್ತಿಯನ್ನು ಕಾಯುತ್ತದೆಯೇ ಹೊರತು ಕಿವಿ, ಮೂಗು, ಕುತ್ತಿಗೆಗಳನ್ನು ಕಾಯದು. ಅಗಲವಾದ ಅಂಚಿನ ಟೋಪಿ ಲೇಸು. ತುಂಬುತೋಳಿನ ಅಂಗಿ, ಕಾಲಿಗೆ ಮುಚ್ಚಿದ ಪಾದರಕ್ಷೆ, ಕಬ್ಬಿನ ಗದ್ದೆಯಲ್ಲಿ ಕೈಗವುಸು ಇರಬೇಕು. ಮುಳ್ಳು ಚುಚ್ಚಿದರೆ ಕೂಡಲೆ ತೆಗೆದು ಸೋಪಿನಿಂದ ತೊಳೆದು, ದಿನ ಬರೆದಿಟ್ಟುಕೊಳ್ಳಬೇಕು. ಬಿಸಿಲು ತಡೆಯುವ ಮುಲಾಮು ಕೊಳ್ಳಬಲ್ಲವರು ಅದನ್ನೂ ಹಚ್ಚಬಹುದು.

ತಿಂಗಳಿಗೊಮ್ಮೆ ಬೆಳಕಿರುವ ಕೋಣೆಯಲ್ಲಿ ಮೈಯನ್ನೆಲ್ಲ ನೋಡಿಕೊಳ್ಳುವ ಪದ್ಧತಿಯನ್ನು ಇಟ್ಟುಕೊಳ್ಳಬೇಕು. ಬೆನ್ನು, ಕಿವಿಯ ಹಿಂಬದಿ, ನೆತ್ತಿ, ಅಂಗಾಲು ತನಗೆ ತಾನೇ ಕಾಣದ ಜಾಗಗಳು. ಗಂಡನ ಬೆನ್ನನ್ನು ಹೆಂಡತಿ, ತಾಯಿಯ ನೆತ್ತಿಯನ್ನು ಮಗಳು ನೋಡಬಹುದು. ಎಣ್ಣೆಯ ನೀರಿನ ದಿನ ಇದಕ್ಕೆ ಹೇಳಿ ಮಾಡಿಸಿದ ಸಂದರ್ಭ. ವರ್ಷಕ್ಕೊಮ್ಮೆ ಚರ್ಮವೈದ್ಯರಿಗೆ ತೋರಿಸುವುದು ಕಸಿಯಾದ ಎಲ್ಲರಿಗೂ ಒಳ್ಳೆಯದು. ಒಮ್ಮೆ ಚರ್ಮದ ಕ್ಯಾನ್ಸರನ್ನು ತೆಗೆಸಿಕೊಂಡವರು ಮೂರರಿಂದ ಆರು ತಿಂಗಳಿಗೊಮ್ಮೆ ಹೋಗಲೇಬೇಕು, ಏಕೆಂದರೆ ಒಂದು ಬಂದ ಕಡೆ ಇನ್ನೊಂದು ಬರುವ ಸಂಭವ ಹೆಚ್ಚು.

ಮೂತ್ರಪಿಂಡದ ಆರೋಗ್ಯವನ್ನು ಅರಿಯುವುದಕ್ಕೆ ರಕ್ತ ಕೊಡಬೇಕು, ಮೈಸೂರಿಗೋ ಬೆಂಗಳೂರಿಗೋ ಹೋಗಬೇಕು, ವರದಿಗಾಗಿ ಕಾಯಬೇಕು. ಚರ್ಮದ ಆರೋಗ್ಯವನ್ನು ಅರಿಯುವುದಕ್ಕೆ ಮೊದಲು ಬೇಕಾದದ್ದು ಒಂದು ಕನ್ನಡಿ, ಹಗಲಿನ ಬೆಳಕು, ಮತ್ತು ಕಂಡುದನ್ನು ಬಾಯಿಬಿಟ್ಟು ಹೇಳುವ ಮನಸ್ಸು. ಒಂದು ಅಂಗವನ್ನೇ ಕೊಟ್ಟ ತಾಯಿಯ ಮುಂದೆ ಒಂದು ಹುಣ್ಣನ್ನು ತೋರಿಸುವುದಕ್ಕೆ ಮಗ ಸಂಕೋಚಪಡಬೇಕಾಗಿಲ್ಲ. ಆ ಕಾಣಿಕೆಯನ್ನು ಬಹುಕಾಲ ಉಳಿಸಿಕೊಳ್ಳುವ ಬಗೆಯೂ ಅದೇ ಆಗಿದೆ.